ರೇಡಿಯೇಟರ್ ಹೋಸಿನ ತೊಂದರೆಗಳು: ಅರಿತುಕೊಳ್ಳುವ ಬಗೆ, ನಿವಾರಿಸುವ ಬಗೆ

ಅಡಿಕೆ ಬೆಳೆಗಾರರ ಮನೆಯ ಗಾಡಿ ಶೋಕಿಗೆ ಇಟ್ಟುಕೊಂಡದ್ದಲ್ಲ. ಗೊಬ್ಬರ ತೋಟಕ್ಕೆ ಬರುವುದು, ಕೊಯ್ಲಿನ ದಿನಗಳಲ್ಲಿ ಆಳುಗಳು ಬರುವುದು, ಒಣಗಿದ ಅಡಿಕೆ ಮಂಡಿಗೆ ಹೋಗುವುದು, ಅಪರಾತ್ರಿಯಲ್ಲಿ ಮನೆಯವರಿಗೆ ಮೈ ಸರಿಯಿಲ್ಲದೆ ಹೋದರೆ ಆಸ್ಪತ್ರೆಗೆ ಓಡುವುದು, ಎಲ್ಲವೂ ಅದೇ ಜೀಪು, ಅದೇ ಪಿಕಪ್ಪು, ಅದೇ ಕಾರಿನಲ್ಲಿ. ಇಂಥ ಗಾಡಿಯ ಟೈರು, ಬ್ರೇಕು, ಆಯಿಲ್‌ಗಳ ಕಡೆಗೆ ನಮ್ಮ ಬೆಳೆಗಾರರು ಸಾಮಾನ್ಯವಾಗಿ ಗಮನ ಕೊಡುತ್ತಾರೆ. ಆದರೆ ಬಾನೆಟ್ಟಿನ ಕೆಳಗೆ ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಹಾದುಹೋಗುವ ಎರಡು ಕಪ್ಪು ರಬ್ಬರ್ ಕೊಳವೆಗಳನ್ನು, ಅವು ಒಡೆದು ಹಬೆ ಏಳುವವರೆಗೆ, ಯಾರೂ ತಿರುಗಿ ನೋಡುವುದಿಲ್ಲ. ಈ ಕೊಳವೆಯ ಬೆಲೆ ಕೆಲವು ನೂರು ರೂಪಾಯಿ. ಅದು ಒಡೆದದ್ದು ತಿಳಿಯದೆ, ಅಥವಾ ತಿಳಿದೂ ಊರು ಹತ್ತಿರವಿದೆಯೆಂದು, ಹತ್ತು ನಿಮಿಷ ಗಾಡಿ ಓಡಿಸಿದರೆ ಇಂಜಿನ್ನಿನ ಹೆಡ್ಡು ಬಾಗಿ, ಹೆಡ್ ಗ್ಯಾಸ್ಕೆಟ್ ಸುಟ್ಟು, ಹಲವು ಸಾವಿರ ರೂಪಾಯಿಯ ಕೆಲಸ ಬೀಳುತ್ತದೆ. ಗಾಡಿ ಗ್ಯಾರೇಜಿನಲ್ಲಿ ನಿಂತಷ್ಟು ದಿನ ತೋಟದ ಕೆಲಸವೂ ನಿಲ್ಲುತ್ತದೆ.

ಈ ಪಾಠವನ್ನು ಮುಖ್ಯವಾಗಿ ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬೆಳೆಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇವೆ. ಘಟ್ಟದ ಮೇಲಿನ ಕಾಫಿ ಬೆಳೆಗಾರರಿಗೂ ಇದರಲ್ಲಿ ಬೇಕಾದದ್ದು ಇದೆ. ಆದರೆ ಅವರ ಕಷ್ಟ ಬೇರೆ, ನಮ್ಮ ಕಷ್ಟ ಬೇರೆ. ಮಲೆನಾಡಿನಲ್ಲಿ ಏರುದಾರಿಯಲ್ಲಿ ಕೆಳಗಿನ ಗೇರಿನಲ್ಲಿ ಭಾರ ಎಳೆಯುವುದರಿಂದ ಇಂಜಿನ್ ಕಾಯುತ್ತದೆ. ಆದರೆ ಗಾಳಿ ತಂಪು, ಹಳ್ಳದ ನೀರು ಮೃದು. ಇಲ್ಲಿ ರಸ್ತೆ ಬಹುಮಟ್ಟಿಗೆ ಸಮತಟ್ಟು, ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳುಂಟು. ಪಾವಗಡದ ತಿರುಮಣಿ ಸುತ್ತಿನ ಬಯಲಿನಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕನ್ನು ಕಟ್ಟಿದ್ದಾರೆಂದರೆ ಇಲ್ಲಿಯ ಬಿಸಿಲು ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ಇನ್ನು ನೀರಿನ ಮಾತು. ಇಲ್ಲಿ ನೀರೆಂದರೆ ಕೊಳವೆಬಾವಿಯ ಗಡಸು ನೀರು. ಅದರ ವಿಚಾರವನ್ನು ಮುಂದೆ ವಿವರವಾಗಿ ನೋಡೋಣ.

ನೀರು ತಿರುಗುವ ದಾರಿ

ಇಂಜಿನ್ನಿನಲ್ಲಿ ಡೀಸೆಲ್ ಅಥವಾ ಪೆಟ್ರೋಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಡಿಯನ್ನು ಓಡಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನ ಹೊಗೆಯೊಂದಿಗೆ ಹೋಗುತ್ತದೆ. ಉಳಿದ ಪಾಲನ್ನು ನೀರು ಹೊತ್ತು ಹೊರಗೆ ಸಾಗಿಸಬೇಕು. ಇಂಜಿನ್ನಿನೊಳಗೆ ಸುತ್ತಿ ಬಿಸಿಯಾದ ನೀರು ಮೇಲಿನ ಹೋಸಿನ ಮೂಲಕ ರೇಡಿಯೇಟರಿಗೆ ಬಂದು, ಸಣ್ಣ ಸಣ್ಣ ಕೊಳವೆಗಳಲ್ಲಿ ಇಳಿಯುತ್ತಾ ಗಾಳಿಗೆ ತಣ್ಣಗಾಗಿ, ಕೆಳಗಿನ ಹೋಸಿನ ಮೂಲಕ ವಾಟರ್ ಪಂಪಿಗೆ ಮರಳುತ್ತದೆ. ಪಂಪು ಅದನ್ನು ಮತ್ತೆ ಇಂಜಿನ್ನಿಗೆ ತಳ್ಳುತ್ತದೆ. ಮೇಲಿನ ಹೋಸು ಇಂಜಿನ್ನಿಗೆ ಸೇರುವ ಜಾಗದಲ್ಲಿ ಸಾಮಾನ್ಯವಾಗಿ ಥರ್ಮೋಸ್ಟಾಟ್ ಎಂಬ ವಾಲ್ವು ಇರುತ್ತದೆ. ಇಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡಿದ್ದು, ನೀರು 80ರಿಂದ 90 ಡಿಗ್ರಿಯ ನಡುವೆ ಕಾದಾಗ ತೆರೆದುಕೊಳ್ಳುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಎರಡು ಹೋಸುಗಳೂ ನೋಟಕ್ಕೆ ಒಂದೇ ತರಹ ಕಂಡರೂ ಅವುಗಳ ಕೆಲಸ ಬೇರೆ ಬೇರೆ. ಮೇಲಿನದು ಶಾಖವನ್ನೂ ಒತ್ತಡವನ್ನೂ ತಡೆಯಬೇಕು; ಅದಕ್ಕೆ ಉಬ್ಬಿ ಒಡೆಯುವ ಭಯ. ಕೆಳಗಿನದನ್ನು ಪಂಪು ಒಳಕ್ಕೆ ಎಳೆಯುತ್ತಿರುತ್ತದೆ. ಅದಕ್ಕೆ ಒಳಕ್ಕೆ ಕುಸಿದು ಮುಚ್ಚಿಕೊಳ್ಳುವ ಭಯ. ಇದಕ್ಕಾಗಿಯೇ ಕೆಲವು ಗಾಡಿಗಳ ಕೆಳಗಿನ ಹೋಸಿನೊಳಗೆ ತಂತಿಯ ಸ್ಪ್ರಿಂಗು ಕೂರಿಸಿರುತ್ತಾರೆ. ಹೋಸು ಬದಲಾಯಿಸುವಾಗ ಆ ಸ್ಪ್ರಿಂಗು ಹಳೆಯದರ ಜೊತೆ ಕಸದ ಬುಟ್ಟಿ ಸೇರುವುದುಂಟು. ಆಮೇಲೆ ನಿಂತಾಗ ಸರಿಯಿರುವ ಗಾಡಿ ವೇಗವಾಗಿ ಓಡಿದಾಗ ಮಾತ್ರ ಕಾಯುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ.

ರೇಡಿಯೇಟರಿನ ಮುಚ್ಚಳವನ್ನು ನಮ್ಮ ಮನೆಯ ಪ್ರೆಷರ್ ಕುಕ್ಕರಿನ ತೂಕಕ್ಕೆ ಹೋಲಿಸಬಹುದು. ನಮ್ಮ ತಾಲ್ಲೂಕುಗಳು ಸಮುದ್ರಮಟ್ಟಕ್ಕಿಂತ ಸುಮಾರು 600ರಿಂದ 800 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗಿಂತ ಸ್ವಲ್ಪ ಮೊದಲೇ, 97-98 ಡಿಗ್ರಿಗೆ ಕುದಿಯುತ್ತದೆ. ಈಗಿನ ಕಾರುಗಳ ಮುಚ್ಚಳ ಸಾಮಾನ್ಯವಾಗಿ 0.9ರಿಂದ 1.1 ಬಾರ್ ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರಿಯ ನೀರೂ 117 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ. ಹೋಸಿನಲ್ಲಿ ಸಣ್ಣದೊಂದು ಸೀಳು ಬಿದ್ದರೆ ಹೋಗುವುದು ನೀರು ಮಾತ್ರವಲ್ಲ, ಈ ಒತ್ತಡವೂ ಹೋಗುತ್ತದೆ. ಒತ್ತಡ ಹೋದ ಕ್ಷಣವೇ 105 ಡಿಗ್ರಿಯಲ್ಲಿ ಸುಮ್ಮನಿದ್ದ ನೀರು ಭಗ್ಗನೆ ಕುದಿದು ಹಬೆಯಾಗುತ್ತದೆ. ಒಂದು ಲೀಟರ್ ನೀರು ಪೂರ್ತಿ ಹಬೆಯಾದರೆ ಅದು ಹಿಡಿಯುವ ಜಾಗ 1600 ಲೀಟರಿಗಿಂತ ಹೆಚ್ಚು. ಬಿಸಿ ಗಾಡಿಯ ಮುಚ್ಚಳ ತೆರೆದವರ ಮುಖ, ಕೈ, ಎದೆ ಸುಡುವುದು ಇದೇ ಕಾರಣಕ್ಕೆ.

ಹೋಸು ಕೆಡುವ ಬಗೆಗಳು

ಹೋಸು ಹಳೆಯದಾದರೆ ಹೊರಗೆ ಬಿರುಕು ಬಿಡುತ್ತದೆ, ಬಿರುಕು ಕಾಣದಿದ್ದರೆ ಹೋಸು ಚೆನ್ನಾಗಿದೆ ಎಂಬುದು ಎಲ್ಲರ ನಂಬಿಕೆ. ಇದು ಅರ್ಧ ಮಾತ್ರ ನಿಜ. ಬಹಳಷ್ಟು ಹೋಸುಗಳು ಒಳಗಿನಿಂದ ಹೊರಕ್ಕೆ ಕೆಡುತ್ತವೆ. ಇಂಜಿನ್ನಿನ ಕಬ್ಬಿಣ, ರೇಡಿಯೇಟರಿನ ಅಲ್ಯೂಮಿನಿಯಂ, ಇವೆರಡರ ನಡುವೆ ಲವಣ ಕರಗಿದ ನೀರು: ಇವಿಷ್ಟು ಸೇರಿದರೆ ಅದೊಂದು ಸಣ್ಣ ಬ್ಯಾಟರಿಯೇ. ಹೋಸಿನ ಕಪ್ಪು ರಬ್ಬರಿನಲ್ಲಿ ಇಂಗಾಲದ ಪುಡಿ ಇರುವುದರಿಂದ ಅದೂ ಈ ವಿದ್ಯುತ್ತಿನ ಹಾದಿಗೆ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ಹೋಸಿನ ಒಳಮೈಯಲ್ಲಿ ಉದ್ದುದ್ದಕ್ಕೆ ಕೂದಲೆಳೆಯಂಥ ಸೀಳುಗಳು ಹುಟ್ಟಿ, ನೀರು ಅವುಗಳ ಮೂಲಕ ಒಳಗಿನ ದಾರದ ನೇಯ್ಗೆಯನ್ನು ತಲುಪಿ ಅದನ್ನು ಕೊಳೆಸುತ್ತದೆ. ಹೊರಮೈ ಹೊಸದರಂತೆ ನುಣುಪಾಗಿಯೇ ಇರುತ್ತದೆ. ಒಂದು ದಿನ ಏರಿನಲ್ಲಿ ಒತ್ತಡ ಹೆಚ್ಚಿದಾಗ ಹೋಸು ಉದ್ದಕ್ಕೆ ಸೀಳಿಕೊಳ್ಳುತ್ತದೆ. ಈ ಬಗೆಯ ಕೇಡು ಹೆಚ್ಚಾಗಿ ಕ್ಲಿಪ್ಪಿನ ಹತ್ತಿರ, ತುದಿಯಿಂದ ಐದು ಸೆಂಟಿಮೀಟರಿನೊಳಗೆ ಮೊದಲಾಗುತ್ತದೆ. ಮೇಲಿನ ಹೋಸಿಗೇ ಹೆಚ್ಚು.

ಎರಡನೆಯದು ಎಣ್ಣೆ. ರೇಡಿಯೇಟರ್ ಹೋಸಿನ ರಬ್ಬರು ಶಾಖಕ್ಕೆ ಗಟ್ಟಿ, ಆದರೆ ಪೆಟ್ರೋಲಿಯಂ ಎಣ್ಣೆಗೆ ಬಹಳ ಮೆದು. ಇಂಜಿನ್ನಿನಿಂದ ತೊಟ್ಟಿಕ್ಕುವ ಆಯಿಲು, ಡೀಸೆಲು, ಸುಲಭವಾಗಿ ಏರಲೆಂದು ತುದಿಗೆ ಹಚ್ಚುವ ಗ್ರೀಸು, ಇವೆಲ್ಲ ರಬ್ಬರನ್ನು ಊದಿಸಿ ಸ್ಪಂಜಿನಂತೆ ಮಾಡುತ್ತವೆ. ಶಾಖದಿಂದ ಕೆಟ್ಟ ಹೋಸು ಇದಕ್ಕೆ ತದ್ವಿರುದ್ಧ. ಅದು ಹೊಳಪು ಬಂದು, ಗಟ್ಟಿಯಾಗಿ, ಒತ್ತಿದರೆ ಚಟಪಟ ಸದ್ದು ಮಾಡುತ್ತದೆ. ಫ್ಯಾನ್ ಬೆಲ್ಟಿಗೋ ಬ್ಯಾಟರಿ ತಟ್ಟೆಯ ಅಂಚಿಗೋ ತಾಗಿ ಸವೆಯುವುದು ಕಣ್ಣಿಗೇ ಕಾಣುವ ಕೇಡು, ಅದನ್ನು ಹೆಚ್ಚು ವಿವರಿಸಬೇಕಿಲ್ಲ.

ನಮ್ಮ ಬೆಳೆಗಾರರ ಗಾಡಿಗಳಿಗೆ ಇನ್ನೊಂದು ಶತ್ರು ಇಲಿ. ಅಡಿಕೆ ಸಿಪ್ಪೆಯ ರಾಶಿ, ಕಡಲೆಕಾಯಿ ಚೀಲ, ರಾಗಿ ಹುಲ್ಲಿನ ಬಣವೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿದರೆ ರಾತ್ರಿ ಬೆಚ್ಚಗಿನ ಬಾನೆಟ್ಟಿನೊಳಗೆ ಇಲಿ ಸೇರುತ್ತದೆ; ವೈರನ್ನೂ ಬಿಡುವುದಿಲ್ಲ, ಹೋಸನ್ನೂ ಬಿಡುವುದಿಲ್ಲ. ವಾರಗಟ್ಟಲೆ ನಿಂತಿದ್ದ ಗಾಡಿಯನ್ನು ತೆಗೆಯುವ ಮುನ್ನ ಬಾನೆಟ್ ಎತ್ತಿ ಒಮ್ಮೆ ನೋಡುವುದು ಒಳ್ಳೆಯ ಅಭ್ಯಾಸ.

ಕೈ ಬೆರಳಿನ ಪರೀಕ್ಷೆ

ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯ ಬಾನೆಟ್ಟನ್ನು ಬೆಳಿಗ್ಗೆ ಎತ್ತಿ, ಹೋಸನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೊದಲು ನಡುಭಾಗದಲ್ಲಿ, ಆಮೇಲೆ ಕ್ಲಿಪ್ಪಿನ ಪಕ್ಕದಲ್ಲಿ ಹಿಚುಕಬೇಕು. ಎರಡು ಕಡೆಯೂ ಒಂದೇ ಬಿಗಿ ಇದ್ದು, ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಬಂದರೆ ಹೋಸು ಚೆನ್ನಾಗಿದೆಯೆಂದು ತಿಳಿಯಬಹುದು. ನಡುವೆ ಬಿಗಿಯಾಗಿದ್ದು ತುದಿಯಲ್ಲಿ ಮೆತ್ತಗಿದ್ದರೆ, ಅಥವಾ ಬೆರಳಿಗೆ ಒಳಗಡೆ ಗೀರು, ಸಂದುಗಳು ಸಿಕ್ಕಂತಾದರೆ, ಒಳಗಿನ ಸೀಳು ಮೊದಲಾಗಿದೆ. ಅಂಥ ಹೋಸನ್ನು ಮಂಡಿಯ ಪ್ರಯಾಣಕ್ಕೆ ಮುಂಚೆಯೇ ಬದಲಾಯಿಸತಕ್ಕದ್ದು. ಕ್ಲಿಪ್ಪಿನ ಅಂಚಿನಲ್ಲಿ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಲ್ಲಿ ನೀರು ಜಿನುಗಿ ಒಣಗುತ್ತಿದೆ ಎಂದರ್ಥ. ನೆಲದಲ್ಲಿ ಹನಿ ಕಾಣದಿದ್ದರೂ ಈ ಪುಡಿ ಸುಳ್ಳು ಹೇಳುವುದಿಲ್ಲ.

ಇನ್ನು ಕೆಲವು ಗುರುತುಗಳು ಹೋಸಿನಲ್ಲಿ ಕಂಡರೂ ರೋಗ ಬೇರೆ ಕಡೆ ಇರುತ್ತದೆ. ಗಾಡಿ ಆರಿದ ಮೇಲೆ ಮೇಲಿನ ಹೋಸು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಹೋಸಿನ ತಪ್ಪಲ್ಲ. ಮುಚ್ಚಳದ ನಡುವೆ ಇರುವ ಸಣ್ಣ ವಾಲ್ವು ಕಟ್ಟಿಕೊಂಡು, ಪಕ್ಕದ ಡಬ್ಬಿಯಿಂದ ನೀರು ವಾಪಸು ಬರುತ್ತಿಲ್ಲ, ಮುಚ್ಚಳ ಬದಲಾಯಿಸಬೇಕು. ಇಂಜಿನ್ ಕಾದಿದೆ, ಮೇಲಿನ ಹೋಸು ಮುಟ್ಟಲಾಗದಷ್ಟು ಬಿಸಿ, ಕೆಳಗಿನದು ತಣ್ಣಗಿದೆ ಎಂದಾದರೆ ರೇಡಿಯೇಟರು ಕಟ್ಟಿಕೊಂಡಿರಬಹುದು. ಎರಡೂ ತಣ್ಣಗಿದ್ದು ಮುಳ್ಳು ಮಾತ್ರ ಏರುತ್ತಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಅಥವಾ ನೀರೇ ಇಲ್ಲ. ತಣ್ಣನೆಯ ಇಂಜಿನ್ನನ್ನು ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಇನ್ನೂ ಬಿಸಿಯಾಗುವ ಮೊದಲೇ, ಹೋಸು ಕಲ್ಲಿನಂತೆ ಬಿಗಿಯಾದರೆ ಹೆಡ್ ಗ್ಯಾಸ್ಕೆಟ್ ಹೋಗಿ ಉರಿದ ಗಾಳಿ ನೀರಿಗೆ ನುಗ್ಗುತ್ತಿರುವ ಸಂಭವ ಹೆಚ್ಚು. ಇಂಥ ಗಾಡಿಗೆ ಎಷ್ಟು ಹೊಸ ಹೋಸು ಹಾಕಿದರೂ ಒಂದರ ಮೇಲೊಂದು ಒಡೆಯುತ್ತಲೇ ಇರುತ್ತದೆ. ಚಾಲೂ ಇರುವ ಇಂಜಿನ್ನಿನ ಹತ್ತಿರ ಕೈ ಹಾಕುವಾಗ ಫ್ಯಾನಿನ ಬಗ್ಗೆ ಎಚ್ಚರವಿರಲಿ. ಕರೆಂಟಿನಿಂದ ತಿರುಗುವ ಫ್ಯಾನು ಇಂಜಿನ್ ನಿಂತ ಮೇಲೂ ತಾನಾಗಿ ತಿರುಗತೊಡಗಬಹುದು. ಪಂಚೆ, ಟವೆಲ್ಲು, ಸೀರೆಯ ಸೆರಗು ಹತ್ತಿರ ಸುಳಿಯಬಾರದು.

ಗಡಸು ನೀರಿನ ವಿಚಾರ

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಸೀಮೆಯ ಗಾಡಿಗಳಲ್ಲಿ ಹೋಸಿನ ತೊಂದರೆಯ ಬೇರು ಬಹಳ ಸಲ ಹೋಸಿನಲ್ಲಿಲ್ಲ, ನೀರಿನಲ್ಲಿದೆ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಅದು ಮನುಷ್ಯರ ಹಲ್ಲು ಮೂಳೆಗಳ ಸಮಸ್ಯೆ. ಇಂಜಿನ್ನಿಗೆ ತೊಂದರೆ ಕೊಡುವುದು ಅದೇ ನೀರಿನಲ್ಲಿ ಕರಗಿರುವ ಸುಣ್ಣ ಮತ್ತು ಮೆಗ್ನೀಷಿಯಂ ಲವಣಗಳು. ಸಾಬೂನು ನೊರೆ ಬಾರದ ನೀರು, ಬೇಳೆ ಬೇಯದ ನೀರು, ಬಚ್ಚಲ ಹಂಡೆಯೊಳಗೆ ಬಿಳಿಯ ಪದರ ಕಟ್ಟುವ ನೀರು ಎಂದರೆ ಗುರುತು ಹಿಡಿಯಲು ಸಾಕು. ತೋಟದ ಹನಿ ನೀರಾವರಿಯಲ್ಲಿ ಡ್ರಿಪ್ಪರುಗಳ ಬಾಯಿ ಕಟ್ಟುವುದು ಇದೇ ಸುಣ್ಣದಿಂದ. ಬರಿಯ ಬಿಸಿಲಿನ ಶಾಖಕ್ಕೇ ಡ್ರಿಪ್ಪರು ಕಟ್ಟುವುದಾದರೆ, 90 ಡಿಗ್ರಿಯ ಇಂಜಿನ್ನಿನೊಳಗೆ, ಕಡಲೆಕಾಯಿ ಸಿಪ್ಪೆಯಷ್ಟು ಸಂದಿಯ ರೇಡಿಯೇಟರ್ ಕೊಳವೆಗಳಲ್ಲಿ ಏನಾಗುತ್ತದೆಂದು ಯೋಚಿಸಿ ನೋಡಬೇಕು.

ಸುಣ್ಣದ ಪದರ ಶಾಖವನ್ನು ಹೊರಗೆ ಬಿಡುವುದಿಲ್ಲ. ಕೊಳವೆಗಳು ಕಿರಿದಾದಂತೆ ನೀರಿನ ಶಾಖ ಏರುತ್ತದೆ, ಒತ್ತಡ ಮುಚ್ಚಳದ ಮಿತಿ ಮುಟ್ಟುತ್ತದೆ, ಹೋಸು ಪ್ರತಿ ದಿನವೂ ತನ್ನ ಶಕ್ತಿಯ ಅಂಚಿನಲ್ಲಿ ಕೆಲಸ ಮಾಡುತ್ತದೆ. ಮೇಲಾಗಿ ಲವಣ ಹೆಚ್ಚಿದ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ, ಮೇಲೆ ಹೇಳಿದ ಒಳಸೀಳು ಬೇಗ ಬರುತ್ತದೆ. ಹೋಸು ಒಡೆದಾಗ ದಾರಿಬದಿಯ ತೋಟದ ನೀರನ್ನು ತುಂಬಿಸಿ, ಮುಂದೆ ಅದನ್ನೇ ಮರೆತು ವರ್ಷಗಟ್ಟಲೆ ಓಡಿಸಿದರೆ, ಮುಂದಿನ ಹೋಸು ಒಡೆಯಲು ಬೀಜ ಬಿತ್ತಿದಂತೆ.

ಹಾಗಾದರೆ ಯಾವ ನೀರು? ಗಾಡಿಯ ಪುಸ್ತಕ ಹೇಳಿದ ಕೂಲೆಂಟೇ ಮೊದಲ ಆಯ್ಕೆ. ನೀರು ಬೆರೆಸದೆ ನೇರ ಹಾಕುವ ಕೂಲೆಂಟು ಅಂಗಡಿಗಳಲ್ಲಿ ಸಿಗುತ್ತದೆ. ಗಟ್ಟಿ ಕೂಲೆಂಟನ್ನು ಕೊಂಡರೆ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿಗೆ ಬೆರೆಸಬೇಕು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟು ಏಕೆ ಎಂದು ಕೇಳುವವರಿದ್ದಾರೆ. ಅದು ಹೆಪ್ಪುಗಟ್ಟುವುದನ್ನು ತಡೆಯುವುದರ ಜೊತೆಗೆ ಕುದಿಯುವ ಮಟ್ಟವನ್ನು ಏರಿಸುತ್ತದೆ, ತುಕ್ಕು ಹಿಡಿಯದಂತೆ ಮಾಡುತ್ತದೆ, ಪಂಪಿನ ಸೀಲನ್ನು ಕಾಪಾಡುತ್ತದೆ. ಬಿಸಿಲು ಸೀಮೆಗೆ ಬೇಕಾದದ್ದು ಇವೇ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಕೂಲೆಂಟನ್ನು ಆರಿಸಬಾರದು. ಬಣ್ಣ ಒಂದೇ ಇದ್ದರೂ ಒಳಗಿನ ಮದ್ದು ಬೇರೆ ಇರಬಹುದು. ಎರಡು ಜಾತಿಯದನ್ನು ಬೆರೆಸುವುದೂ ಬೇಡ.

ಡಿಸ್ಟಿಲ್ಡ್ ವಾಟರ್ ಕೈಗೆ ಸಿಗದಿದ್ದರೆ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ಆರ್.ಓ. ನೀರು ಕೊಳವೆಬಾವಿ ನೀರಿಗಿಂತ ಎಷ್ಟೋ ಮೇಲು. ಮಳೆಗಾಲದಲ್ಲಿ ಮೊದಲ ಎರಡು ಮಳೆಯಲ್ಲಿ ಚಾವಣಿ ತೊಳೆದುಹೋದ ಮೇಲೆ ಶುದ್ಧವಾದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿದಿಟ್ಟ ಮಳೆನೀರೂ ಒಳ್ಳೆಯದೇ. ಆದರೆ ಇವು ಯಾವುವೂ ಕೂಲೆಂಟಿನ ಬದಲಿಗಲ್ಲ. ಬರಿಯ ಮೃದು ನೀರು ಸುಣ್ಣ ಕಟ್ಟುವುದಿಲ್ಲ ನಿಜ, ಆದರೆ ತುಕ್ಕು ಹಿಡಿಸುತ್ತದೆ. ಮಲೆನಾಡಿನ ಗೆಳೆಯರು ಹಳ್ಳದ ನೀರನ್ನೇ ನಂಬಿ ಕೂರಬಾರದೆಂದು ಈ ಮಾತು.

ಒಂದು ಎಚ್ಚರಿಕೆ. ಡ್ರಿಪ್ ಪೈಪಿನ ಸುಣ್ಣ ಕರಗಿಸಲು ತೋಟದಲ್ಲಿ ಆಸಿಡ್ ಬಿಡುವ ರೂಢಿಯಿದೆ. ಆ ಆಸಿಡ್ಡನ್ನು ರೇಡಿಯೇಟರಿಗೆ ಹಾಕುವ ಯೋಚನೆ ಯಾರಿಗೂ ಬರಬಾರದು. ಸುಣ್ಣದ ಜೊತೆಗೆ ಅದು ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ರೇಡಿಯೇಟರ್ ತೊಳೆಯಲೆಂದೇ ಮಾಡಿದ ಫ್ಲಷ್ ಇದೆ. ಬಹಳ ಕಟ್ಟಿಕೊಂಡಿದ್ದರೆ ರೇಡಿಯೇಟರ್ ಕೆಲಸದವರಿಗೆ ಕೊಡುವುದೇ ಲೇಸು. ಹಾಗೆಯೇ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಬಕೆಟ್ಟಿನಲ್ಲಿ ಬಿಟ್ಟ ಹಳೆಯ ಕೂಲೆಂಟನ್ನು ನಾಯಿಯೋ ಕರುವೋ ಕುಡಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಮಕ್ಕಳ ಕೈಗೂ ಸಿಗಬಾರದು. ಅದನ್ನು ಕಾಲುವೆಗೆ, ಬಾವಿಯ ಹತ್ತಿರ, ಮರದ ಬುಡಕ್ಕೆ ಚೆಲ್ಲದೆ ಮುಚ್ಚಿದ ಕ್ಯಾನಿನಲ್ಲಿ ಗ್ಯಾರೇಜಿಗೆ ಕೊಡಬೇಕು.

ದಾರಿಯಲ್ಲಿ ಒಡೆದರೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪಾವಗಡದ ಕಡೆಯ ಬೆಳೆಗಾರರೊಬ್ಬರು ಬೇಸಿಗೆಯ ಮಧ್ಯಾಹ್ನ ಪಿಕಪ್ಪಿನಲ್ಲಿ ಸರಕು ತುಂಬಿಕೊಂಡು ತುಮಕೂರಿಗೆ ಹೊರಟಿದ್ದಾರೆ. ದಾರಿ ಸುಮಾರು 100 ಕಿಲೋಮೀಟರ್. ಮಧುಗಿರಿ ಇನ್ನೂ ದೂರವಿರುವಾಗ ಬಾನೆಟ್ಟಿನ ಸಂದಿಯಿಂದ ಹಬೆ, ಸಿಹಿ ವಾಸನೆ. ಮುಳ್ಳು ಏರಿತ್ತು, ಈಗ ಇದ್ದಕ್ಕಿದ್ದಂತೆ ಕೆಳಗಿಳಿದಿದೆ. ಅನೇಕರು ಇಲ್ಲಿ ಮೋಸ ಹೋಗುತ್ತಾರೆ. ತಣ್ಣಗಾಯಿತೆಂದು ಮುಂದೆ ಓಡಿಸುತ್ತಾರೆ. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ನೀರೆಲ್ಲ ಹೋಗಿ ಅದು ಬರಿಯ ಗಾಳಿಯಲ್ಲಿ ನಿಂತಾಗ ಮುಳ್ಳು ಇಳಿಯಬಹುದು. ಕಾದಿದ್ದ ಮುಳ್ಳು ಕಾರಣವಿಲ್ಲದೆ ಬಿದ್ದರೆ ಅದು ಎಲ್ಲಕ್ಕಿಂತ ಕೆಟ್ಟ ಸೂಚನೆ. ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಬೇಕು.

ಮುಂದಿನ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಏನೂ ಮಾಡದಿರುವುದೇ ಮುಖ್ಯ ಕೆಲಸ. ಹಬೆ ನಿಲ್ಲುವವರೆಗೆ ಬಾನೆಟ್ಟನ್ನು ಪೂರ್ತಿ ಎತ್ತಬೇಡಿ. ಮುಚ್ಚಳದ ತಂಟೆಗಂತೂ ಹೋಗಲೇಬೇಡಿ. ಒದ್ದೆ ಗೋಣಿಚೀಲ ಹಾಕಿ ತಿರುಗಿಸಿದರೆ ಆಯಿತು ಎನ್ನುವ ಧೈರ್ಯವಂತರ ಮಾತು ಕೇಳಬೇಡಿ. ಚೀಲ ಕೈಯನ್ನು ಕಾಯಬಹುದು, ಮುಖವನ್ನು ಕಾಯುವುದಿಲ್ಲ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ, ದಪ್ಪ ಬಟ್ಟೆ ಹಾಕಿ, ಮುಖ ದೂರವಿಟ್ಟು, ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ, ಉಸ್ಸೆಂಬ ಸದ್ದು ಪೂರ್ತಿ ನಿಂತ ಮೇಲೆ ತೆಗೆಯಬೇಕು. ಯಾರಿಗಾದರೂ ಸುಟ್ಟುಬಿಟ್ಟರೆ ಬಿಸಿನೀರಿನಲ್ಲಿ ನೆನೆದ ಬಟ್ಟೆ, ಉಂಗುರ, ಬಳೆಗಳನ್ನು ತೆಗೆದು, ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು. ಟೂತ್‌ಪೇಸ್ಟು, ಇಂಕು, ಬೆಣ್ಣೆ ಬೇಡ. ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಸಾಗಿಸಬೇಕು. ಕಣ್ಣು, ಮುಖಕ್ಕೆ ತಗುಲಿದ್ದರೆ 108ಕ್ಕೆ ಕರೆ ಮಾಡಲು ತಡಮಾಡಬಾರದು.

ಇಂಜಿನ್ ಆರಿದ ಮೇಲೆ ಸೋರುವ ಜಾಗವನ್ನು ಹುಡುಕಬೇಕು. ಸೀಳು ತುದಿಯಲ್ಲಿ, ಕ್ಲಿಪ್ಪಿನ ಹತ್ತಿರವಿದ್ದು ಹೋಸಿನಲ್ಲಿ ಸ್ವಲ್ಪ ಉದ್ದ ಮಿಕ್ಕಿದ್ದರೆ ಅದೃಷ್ಟ. ಕ್ಲಿಪ್ಪು ಸಡಿಲಿಸಿ, ಕೆಟ್ಟ ಭಾಗವನ್ನು ಚಾಕುವಿನಿಂದ ನೇರವಾಗಿ ಕತ್ತರಿಸಿ, ಮತ್ತೆ ಏರಿಸಿ ಬಿಗಿದರೆ ಮಂಡಿಗೂ ಹೋಗಬಹುದು, ಮನೆಗೂ ಬರಬಹುದು. ಸೀಳು ನಡುವೆ ಇದ್ದರೆ ಹೋಸಿನ ಮೈಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರಸಿ, ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲ ಕತ್ತರಿಸಿದ ಪಟ್ಟಿಯನ್ನು ಜಗ್ಗಿ ಜಗ್ಗಿ, ಸೀಳಿನ ಎರಡು ಪಕ್ಕಕ್ಕೂ ನಾಲ್ಕು ಬೆರಳು ದಾಟುವಂತೆ ಸುತ್ತಿ, ಎರಡು ತುದಿಗೆ ಕ್ಲಿಪ್ಪು ಬಿಗಿಯಬೇಕು. ತನಗೆ ತಾನೇ ಅಂಟುವ ಸಿಲಿಕೋನ್ ಟೇಪು ಇದ್ದರೆ ಇನ್ನೂ ಒಳ್ಳೆಯದು. ಬರಿಯ ಬೈಂಡಿಂಗ್ ವೈರಿನಿಂದ ಬಿಗಿದರೆ ತಂತಿಯೇ ರಬ್ಬರನ್ನು ಕತ್ತರಿಸುತ್ತದೆ.

ನೀರು ತುಂಬುವಾಗ ಆತುರ ಬೇಡ. ಕಾದ ಕಬ್ಬಿಣದ ಮೇಲೆ ತಣ್ಣೀರು ಸುರಿದರೆ ಹೆಡ್ಡು, ಬ್ಲಾಕು ಬಿರುಕು ಬಿಡಬಹುದು. ಕೈಗೆ ಶಾಖ ತಡೆಯುವಷ್ಟಾದ ಮೇಲೆ ಇಂಜಿನ್ನನ್ನು ನಿಧಾನಕ್ಕೆ ಚಾಲೂ ಇಟ್ಟು, ಚೂರು ಚೂರಾಗಿ ಹಾಕಬೇಕು. ಇಂಥ ಆಪತ್ತಿನಲ್ಲಿ ಕೊಳವೆಬಾವಿ ನೀರಾದರೂ ನಡೆಯುತ್ತದೆ. ಮನೆಗೆ ಬಂದ ಮೇಲೆ ಅದನ್ನೆಲ್ಲ ಇಳಿಸಿ ತೊಳೆದರಾಯಿತು. ಮುಚ್ಚಳವನ್ನು ಮೊದಲ ತಡೆಯವರೆಗೆ ಮಾತ್ರ ಮುಚ್ಚಿದರೆ ಒತ್ತಡ ಏರದೆ ಪಟ್ಟಿ ಬಾಳುತ್ತದೆ, ಆದರೆ ಆಗ ನೀರು 97-98 ಡಿಗ್ರಿಗೇ ಕುದಿಯುವುದರಿಂದ ನಿಧಾನವಾಗಿ ಓಡಿಸಿ, ಐದಾರು ಕಿಲೋಮೀಟರಿಗೊಮ್ಮೆ ನಿಂತು ನೋಡಬೇಕು. ಎ.ಸಿ. ಇದ್ದರೆ ಆರಿಸಿ. ಹೀಟರ್ ಇದ್ದರೆ ಪೂರ್ತಿ ಹಾಕಿ. ಅದೂ ಒಂದು ಸಣ್ಣ ರೇಡಿಯೇಟರೇ, ಇಂಜಿನ್ನಿನ ಶಾಖವನ್ನು ಹೊರಗೆ ಎಳೆಯುತ್ತದೆ. ಮೇ ತಿಂಗಳಲ್ಲಿ ಹೀಟರ್ ಹಾಕಿ ಕೂರುವುದು ಹಿಂಸೆಯೇ, ಆದರೆ ಹೆಡ್ ಕೆಲಸದ ಬಿಲ್ಲಿಗಿಂತ ವಾಸಿ. ತೂಕದ ಸರಕನ್ನು ಬೇರೆ ಗಾಡಿಗೆ ಹಾಕಲು ಸಾಧ್ಯವಾದರೆ ಹಾಗೆ ಮಾಡಬೇಕು.

ತೋಟದಲ್ಲಿ ಪೈಪುಗಳಿಗೆ ಬರವಿಲ್ಲ. ಆದ್ದರಿಂದ ಹೋಸು ಒಡೆದಾಗ ಡ್ರಿಪ್ಪಿನ ಕಪ್ಪು ಪೈಪಿನ ತುಂಡನ್ನೋ ಪಂಪ್‌ಸೆಟ್ಟಿನ ಪಿ.ವಿ.ಸಿ. ಪೈಪನ್ನೋ ತಂದು ಜೋಡಿಸುವುದುಂಟು. ಪಿ.ವಿ.ಸಿ. ಸುಮಾರು 80 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಡ್ರಿಪ್ ಪೈಪೂ ಆ ಶಾಖ ಒತ್ತಡಗಳಿಗೆ ನಿಲ್ಲುವುದಿಲ್ಲ. ಎರಡೂ ಬೇಡ.

ಹೊಸ ಹೋಸು ಹಾಕುವುದು

ಬಿರುಕು ಕಾಣಲಿ ಬಿಡಲಿ, ನಾಲ್ಕೈದು ವರ್ಷಕ್ಕೊಮ್ಮೆ ಎರಡು ಹೋಸುಗಳನ್ನೂ ಕ್ಲಿಪ್ಪುಗಳನ್ನೂ ಒಟ್ಟಿಗೆ ಬದಲಾಯಿಸುವುದು ನಮ್ಮ ಸೀಮೆಗೆ ಸರಿಯಾದ ಲೆಕ್ಕವೆಂದು ನಮ್ಮ ಅಭಿಪ್ರಾಯ. ಮೇಲಿನದು ಹೋಗಿದ್ದರೆ ಕೆಳಗಿನದರ ವಯಸ್ಸೂ ಅಷ್ಟೇ. ಆಯಾ ಗಾಡಿಗೆಂದೇ ಬಾಗಿಸಿ ಅಚ್ಚು ಹಾಕಿದ ಹೋಸನ್ನೇ ಕೊಳ್ಳಬೇಕು. ನೇರ ಪೈಪನ್ನು ಬಗ್ಗಿಸಿ ಕೂರಿಸಿದರೆ ಮಡಿಕೆ ಬಿದ್ದು ನೀರಿನ ದಾರಿ ಕಟ್ಟುತ್ತದೆ.

ತಣ್ಣನೆಯ ಗಾಡಿಯ ನೀರನ್ನು ಬಕೆಟ್ಟಿಗೆ ಇಳಿಸಿಕೊಂಡು, ಕ್ಲಿಪ್ಪು ಸಡಿಲಿಸಿ, ಹಳೆಯ ಹೋಸು ಅಂಟಿಕೊಂಡಿದ್ದರೆ ಬಲವಾಗಿ ತಿರುಚದೆ ಉದ್ದಕ್ಕೆ ಸೀಳಿ ಸುಲಿಯಬೇಕು. ಈಗಿನ ರೇಡಿಯೇಟರುಗಳ ಮೂತಿ ಪ್ಲಾಸ್ಟಿಕ್ಕಿನದು. ಜಗ್ಗಿದರೆ ಹೋಸಿನ ಜೊತೆ ಮೂತಿಯೂ ಕೈಗೆ ಬರುತ್ತದೆ. ಮೂತಿಗೆ ಕಟ್ಟಿದ ಪುಡಿಯನ್ನು ಒರಸಿ, ಲೋಹದ್ದಾದರೆ ನಯವಾದ ಎಮರಿ ಕಾಗದದಿಂದ ಉಜ್ಜಿ, ಹೊಸ ಹೋಸಿನ ಒಳಗೆ ಸ್ವಲ್ಪ ಕೂಲೆಂಟು ಸವರಿ ಏರಿಸಬೇಕು. ಗ್ರೀಸು ಬೇಡವೆಂದು ಮತ್ತೊಮ್ಮೆ ಹೇಳುತ್ತೇವೆ. ಮೂತಿಯ ತುದಿಯಲ್ಲಿರುವ ಏಣನ್ನು ದಾಟಿ ಒಳಗಡೆ ಕ್ಲಿಪ್ಪು ಕೂರಬೇಕು. ಏಣಿನ ಮೇಲೆಯೇ ಕೂತರೆ ಜಾರುತ್ತದೆ. ರಬ್ಬರು ಕ್ಲಿಪ್ಪಿನ ಸಂದಿಗಳಿಂದ ಉಬ್ಬಿ ಬರುವಷ್ಟು ಬಿಗಿಯಬಾರದು. ಮುಚ್ಚಳ ತೆರೆದೇ ಇಟ್ಟು ನಿಧಾನಕ್ಕೆ ತುಂಬಿ, ಹೀಟರನ್ನು ಹಾಕಿ, ಮೇಲಿನ ಹೋಸು ಬಿಸಿಯಾಗುವವರೆಗೆ ಇಂಜಿನ್ ಓಡಿಸಿ, ಗುಳ್ಳೆ ಬಂದು ಮಟ್ಟ ಇಳಿದಂತೆ ತುಂಬಬೇಕು. ಒಳಗೆ ಗಾಳಿ ಉಳಿದರೆ ಹೊಸ ಹೋಸಿದ್ದರೂ ಗಾಡಿ ಕಾಯುತ್ತದೆ. ಒಂದು ದಿನ ಓಡಿಸಿ ಮರುದಿನ ಬೆಳಿಗ್ಗೆ ಕ್ಲಿಪ್ಪುಗಳನ್ನು ಅರ್ಧ ಸುತ್ತು ನೋಡಿಕೊಳ್ಳಬೇಕು.

ಥರ್ಮೋಸ್ಟಾಟಿನ ಬಗ್ಗೆ ಒಂದು ಮಾತು. ಗಾಡಿ ಕಾದರೆ ಅದನ್ನು ಕಿತ್ತು ಎಸೆಯುವ ಪದ್ಧತಿ ನಮ್ಮ ಕಡೆ ಇದೆ, ಬೇಸಿಗೆ ದೇಶಕ್ಕೆ ಅದು ಬೇಡವೆಂಬ ವಾದವೂ ಇದೆ. ಈ ವಾದ ನಮಗೆ ಒಪ್ಪಿಗೆಯಿಲ್ಲ. ವಾಲ್ವಿಲ್ಲದ ಇಂಜಿನ್ ತಕ್ಕ ಶಾಖಕ್ಕೆ ಬರಲು ತಡವಾಗಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಂತೂ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ಟ್ರ್ಯಾಕ್ಟರಿಗೂ ಇದೇ ಪಾಠ ಅನ್ವಯಿಸುತ್ತದೆ. ಅದರ ರೇಡಿಯೇಟರಿನ ಜಾಲರಿಗೆ ಕಡಲೆಕಾಯಿ ಹೊಟ್ಟು, ಅಡಿಕೆ ಸಿಪ್ಪೆಯ ನಾರು ಮೆತ್ತಿಕೊಳ್ಳುವುದು ಹೆಚ್ಚು. ಇಂಜಿನ್ ಕಡೆಯಿಂದ ಮುಂದಕ್ಕೆ, ಹಗುರವಾದ ನೀರಿನ ಧಾರೆಯಿಂದ ತೊಳೆಯಬೇಕು. ಪಂಪ್‌ಸೆಟ್ಟಿನ ರಭಸದ ಧಾರೆ ಹಿಡಿದರೆ ತೆಳ್ಳನೆಯ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಸೀಟಿನ ಹಿಂದೆ ಒಂದು ಚೀಲದಲ್ಲಿ ಐದು ಲೀಟರ್ ಒಳ್ಳೆಯ ನೀರು, ಸೈಕಲ್ ಟ್ಯೂಬಿನ ಪಟ್ಟಿ, ಹೋಸಿನ ಅಳತೆಯ ಎರಡು ಕ್ಲಿಪ್ಪು, ಸ್ಕ್ರೂ ಡ್ರೈವರು, ಚಾಕು, ಒಣಬಟ್ಟೆ ಇರಲಿ. ಬದಲಾಯಿಸಿದ ಹಳೆಯ ಹೋಸು ಇನ್ನೂ ತೂತು ಬಿದ್ದಿರದೆ, ಸೀಳದೆ ಬಿಚ್ಚಲು ಬಂದಿದ್ದರೆ, ಎಸೆಯದೆ ಅದೇ ಚೀಲದಲ್ಲಿ ಇಡಿ. ಮಂಡಿಯಿಂದ ಮನೆಯವರೆಗೆ ಬರಲು ಸಾಕಾಗುತ್ತದೆ.